ಧಾರಾವಾಹಿ ಸೂತಕ

“ಚಂದ್ರಾ, ಗುಡ್ಡಂಗೆ ಒಂದ್ ಮಾತ್ ಹೇಳಿ ಇಡ್. ಕತ್ತಿ ಹರಿತ ಮಾಡ್ಕಂಡ್ ಇರ್ಲಿ. ಇವತ್ ಸಂಜಿಗೆ ನಿನ್ ಮಾವ ಉಳುದಿಲ್ಲೆ.”

ಉಪ್ಪುಂದದ ಚಂದ್ರ ಜಗಲಿಯ ಕಂಬಕ್ಕೆ ನೇತುಹಾಕಿದ ಕನ್ನಡಿಯೆದುರು ನಿಂತು ತಲೆಗೂದಲಿಗೆ ಕಪ್ಪು ಬಣ್ಣ ಬಳಿದುಕೊಳ್ಳುತ್ತಿದ್ದ. ತಾಯಿ ಸೀತುವಿನ ಮಾತು ಕೇಳಿದ್ದೇ ಕೈಯಲ್ಲಿದ್ದ ಬ್ರಶ್ಶು ಜಾರಿ ಹಣೆಯ ಮೇಲೆ ಒಂದು ಅಡ್ಡ ಗೆರೆ ಎಳೆಯಿತು. ಗುಡ್ಡ ಎಂದರೆ ಪೇಟೆಯ ಕ್ಷೌರದಂಗಡಿಯವನು. ಮಾವ ಎಂದರೆ ಯಾರು ಎನ್ನುವಲ್ಲೇ ತೊಡಕು. ಚಂದ್ರನಿಗೆ ಸೋದರಮಾವನೇ ಇರಲಿಲ್ಲ. ಸೀತು ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು. ಅವಳಿಗಿದ್ದ ಒಬ್ಬನೇ ಅಣ್ಣ ಟೀವಿಯೊಳಗಿದ್ದ.

ಆ ಕತೆ ಹಳೆಯದು. ಚಂದ್ರ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಭಾನುವಾರ ಬೆಳಿಗ್ಗೆ ‘ಅಣ್ಣನ ಅಂಗಳ’ ಎಂಬ ಧಾರಾವಾಹಿ ಬರುತ್ತಿತ್ತು. ಕೇರಿಗೆಲ್ಲ ಒಂದೇ ಟೀವಿ. ಸೀತು ಅದರ ಮುಂದೆ ಊದುಬತ್ತಿ ಹಚ್ಚಿ, ಚಾಪೆ ಹಾಸಿ, ಹರಿಕತೆಗೆ ಕೂತವರ ಹಾಗೆ ಸೆರಗು ಹೊದ್ದು ಕೂರುತ್ತಿದ್ದಳು. ಅದರಲ್ಲಿನ ಮುಕುಂದ ನಾಲ್ವರು ತಂಗಿಯರನ್ನು ಸಾಕಿದ ಬಡ ಅಣ್ಣ. ಐದನೆಯವಳಾಗಿ ಸೀತು ಸೇರಿಕೊಂಡಳು. ಕೊನೆಯ ಕಂತಿನಲ್ಲಿ ಮುಕುಂದ ಸತ್ತ. ಸೀತು ಎದ್ದು ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು ಸೂತಕ ಹಿಡಿದಳು. ಸೂತಕ ಕಳೆದ ಮೇಲೆ ಉತ್ತರಕ್ರಿಯೆಯ ಊಟ, ಬೊಜ್ಜ, ಅದೂ ಆಯಿತು. ಕೇರಿಯವರು ಬಾಳೆಲೆಯ ಮುಂದೆ ಕೂತು ಉಂಡು, “ಮುಕುಂದಣ್ಣ ಪುಣ್ಯಾತ್ಮ” ಎಂದು ತೇಗಿದರು.

ಇವರದು ಅಳಿಯಸಂತಾನ. ಬಳಿ ಎಂಬ ಕುಲದ ಹೆಸರು ತಾಯಿಯಿಂದ ಬರುವುದು. ಮಾವ ಸತ್ತರೆ ತಲೆ ಬೋಳಿಸಿಕೊಳ್ಳಬೇಕಾದವನು ತಂಗಿಯ ಮಗ. ತೆರೆಯ ಮೇಲಿನ ತಂಗಿಯರಿಗೆ ಗಂಡುಮಕ್ಕಳಿರಲಿಲ್ಲ. ಹೀಗಾಗಿ ಗುಡ್ಡನ ಕತ್ತಿಯ ಕೆಳಗೆ ಚಂದ್ರನ ತಲೆ ಹೋಯಿತು. ಮರುದಿನ ಶಾಲೆಯಲ್ಲಿ ಮೇಷ್ಟ್ರು “ಯಾರು ಹೋದದ್ದು?” ಎಂದು ಮರುಕದಿಂದ ಕೇಳಿದಾಗ ಅವನು ಕೊಟ್ಟ ಉತ್ತರವನ್ನು ಉಪ್ಪುಂದ ಇನ್ನೂ ಮರೆತಿಲ್ಲ.

ಈಗ ಅದೇ ‘ಅಣ್ಣನ ಅಂಗಳ’ ಹೊಸ ಚಾನೆಲಿನಲ್ಲಿ ಹೊಸ ಮುಖಗಳನ್ನಿಟ್ಟುಕೊಂಡು ಬರುತ್ತಿದೆ. ಹೊಸ ಮುಕುಂದನಿಗೆ ಕತ್ತರಿ ಆಡಿಸಿದ ಗಡ್ಡವಿದೆ, ಬುಲೆಟ್ ಬೈಕಿದೆ. ನಿನ್ನೆ ಸಂಜೆ ಅವನು ಎದೆ ಹಿಡಿದುಕೊಂಡು ಕುಸಿದಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಕನ್ನಡಕ ತೆಗೆದಿದ್ದರು. ಧಾರಾವಾಹಿಯ ಡಾಕ್ಟರು ಕನ್ನಡಕ ತೆಗೆದರೆಂದರೆ ಮನೆಯವರು ಕಟ್ಟಿಗೆ ಹೊಂದಿಸಲು ಹೊರಡಬಹುದು.

“ಅಮ್ಮ, ಅದ್ ರೀಮೇಕ್,” ಎಂದ ಚಂದ್ರ. “ಹಳೀದನ್ನೇ ತಿರ್ಗ ತೆಗ್ದದ್. ಸತ್ತಂವ ಒಂದ್ಸಲ ಸತ್ತ, ಮುಗೀತ್.”

“ಮೇಳದಾರ್ ಪ್ರತಿ ವರ್ಷ ಬತ್ರ್. ಪ್ರತಿ ವರ್ಷ ಅದೇ ರಾಜ ಅದೇ ಕಾಡಿಗ್ ಹೋತ,” ಎಂದಳು ಸೀತು. “ಹ್ವಾದ್ ವರ್ಷ ಅತ್ತಿದ್ದೆ ಅಂದೇಳಿ ಈ ವರ್ಷ ಕಣ್ಣೀರ್ ಬಪ್ಪುದ್ ನಿಲ್ತಾ? ವೇಷ ಹೊಸತ್ ಮಗಾ. ಪ್ರಸಂಗ ಅದೇ.”

ಚಂದ್ರ ದೋಣಿಯ ಎಂಜಿನ್ ರಿಪೇರಿ ಮಾಡುವವನು. ಎಂತಹ ಮೊಂಡು ಎಂಜಿನ್ನಾದರೂ ಬಿಚ್ಚಿದರೆ ಒಂದು ಕಾರಣ ಸಿಗುತ್ತದೆ. ತಾಯಿಯ ಮಾತು ಬಿಚ್ಚಲು ಬರುವಂಥದಲ್ಲ. ಹುಟ್ಟಿದಾಗಿನಿಂದ ಯಕ್ಷಗಾನದ ಆಟಗಳಲ್ಲಿ ಭಾಗವತರ ಪದ ಕೇಳಿ ಬೆಳೆದವಳು. ಸುಮ್ಮನೆ ಕೂತು ಕೇಳುವುದೊಂದೇ ಅವಳು ಕಲಿತ ವಿದ್ಯೆ, ಅದರಲ್ಲಿ ಅವಳನ್ನು ಸೋಲಿಸುವವರು ಊರಲ್ಲಿಲ್ಲ.

“ನಾಳೆ ದಿವ್ಯನ ನಿಶ್ಚಯ ಅಲ್ದಾ?” ಎಂದ ಅವನು, ದನಿ ತಗ್ಗಿಸಿ.

“ಆಯ್ಲಿ. ಅವ್ಳದ್ ನಿನ್ ಹೆಂಡ್ತಿ ಬಳಿ, ಅವ್ಳಿಗ್ ಸೂತ್ಕ ಇಲ್ಲೆ. ನಂಗೂ ನಿಂಗೂ ಇತ್ತ್. ನಾವಿಬ್ರೂ ಕಲ್ಯಾಣಮಂಟಪದ್ ಹೊರಗ್ ಕೂಕಂಬ. ವೀಳ್ಯದ ಹರಿವಾಣ ಪ್ರೇಮಾನಂದ ಹಿಡೀಲಿ.”

ಮಗಳ ನಿಶ್ಚಿತಾರ್ಥ ಬೈಂದೂರಿನ ಕಲ್ಯಾಣಮಂಟಪದಲ್ಲಿ. ಗಂಡಿನ ಕಡೆಯವರು ಬ್ರಹ್ಮಾವರದಿಂದ ಬರುವವರು. ಅಜ್ಜಿ ವೀಳ್ಯವೆತ್ತಿ ಕೊಡಬೇಕು, ಅಪ್ಪ ಹರಿವಾಣ ಹಿಡಿಯಬೇಕು ಎಂಬುದು ದಿವ್ಯಾಳ ಆಸೆ. ಚಂದ್ರನದೂ ಅದೇ. ತಲೆಗೆ ಬಣ್ಣ ಬಿದ್ದದ್ದೂ ಅದಕ್ಕಾಗಿಯೇ. ಪ್ರೇಮಾನಂದ ಎಂದರೆ ಹೆಂಡತಿ ಸರಸಳ ಅಣ್ಣ. ಮುಂಬಯಿಯ ಕ್ಯಾಂಟೀನೊಂದರಲ್ಲಿ ಬಹಳ ಕಾಲವಿದ್ದು ಈಗ ಪಕ್ಕದಲ್ಲೇ ಮನೆ ಕಟ್ಟಿಕೊಂಡವನು. ಹರಿವಾಣ ಹಿಡಿಯುವ ಹಕ್ಕು ಸೋದರಮಾವನದೆಂದು ಅವನು ಇಡೀ ವಾರ ಮುಖ ಊದಿಸಿಕೊಂಡಿದ್ದ. ಇವತ್ತು ಯಾಕೋ ಅವನ ರೇಷ್ಮೆ ಪಂಚೆ ಬಿಸಿಲಿಗೆ ಬಂದಿತ್ತು.

ಒಳಗಿನಿಂದ ದಿವ್ಯಾ ಬಂದಳು. ಕಣ್ಣು ಕೆಂಪಾಗಿತ್ತು. “ಅಪ್ಪ, ಅಜ್ಜಿ ಹೊರಗ್ ಕೂತ್ರೆ ನಾ ಒಳಗ್ ಹ್ಯಾಂಗ್ ಕೂಕಣ್ಲಿ? ಎಂತಾರೂ ಮಾಡ್.”

ಎಂತಾದರೂ ಮಾಡಬೇಕಾದ ಗಂಡಸು ಮೊದಲು ಮಾಡುವುದು ಯಾವಾಗಲೂ ತಪ್ಪು ಕೆಲಸವನ್ನೇ. ಚಂದ್ರ ಸ್ಕ್ರೂಡ್ರೈವರ್ ಹಿಡಿದು ಹೆಂಚಿನ ಮಾಡಿನ ಮೇಲೆ ಹತ್ತಿದ. ಟೀವಿ ಕೆಟ್ಟರೆ ಕಂತಿಲ್ಲ, ಕಂತಿಲ್ಲದಿದ್ದರೆ ಸಾವಿಲ್ಲ. ಅಲ್ಲಿ ಕೇರಿಯ ಕೇಬಲ್ ತಂತಿಗಳೆಲ್ಲ ಬಲೆಗೆ ಸಿಕ್ಕ ಹಾವುಮೀನುಗಳಂತೆ ಹೆಣೆದುಕೊಂಡು ಬಿದ್ದಿದ್ದವು. ತಮ್ಮದು ಯಾವುದು ಎಂದು ಹುಡುಕುವಷ್ಟರಲ್ಲಿ ಬಿಸಿಲು ಏರಿತು, ತೊಳೆಯಲು ಮರೆತಿದ್ದ ತಲೆಬಣ್ಣ ಇಳಿಯತೊಡಗಿತು. ಕಣ್ಣಿಗೆ ಬಣ್ಣ ಬಿದ್ದ ಅವಸರದಲ್ಲಿ ಅವನು ಕೈಗೆ ಸಿಕ್ಕ ತಂತಿಯನ್ನು ಎಳೆದ.

ಪಕ್ಕದ ಮನೆಯ ಗುಲಾಬಿ ಹೊರಗೆ ಬಂದಳು. “ಹ್ವಾಯ್ ಚಂದ್ರಣ್ಣ, ಆಟ ರಾತ್ರಿಗಲ್ದಾ? ರಾಕ್ಷಸನ ಬಣ್ಣ ಬಳ್ಕಂಡ್ ಈಗಳೇ ಎಂತಕೆ ಹತ್ತಿದ್ದ್? ನಮ್ ಟೀವಿ ಹೋಯ್ತ್ ಕಾಣಿ.”

ಅವಳ ಹಿಂದೆ ಇನ್ನಷ್ಟು ಹೆಂಗಸರು ಬಂದರು. ಎಳೆದದ್ದು ಒಂದು ತಂತಿ, ಕತ್ತಲಾದದ್ದು ಅರ್ಧ ಕೇರಿ. ಇವತ್ತು ಮುಕುಂದ ಸಾಯುವ ದಿನ. ಇವತ್ತೇ ಟೀವಿ ಕೆಡಿಸಿದವನನ್ನು ಸುಮ್ಮನೆ ಬಿಡುವಷ್ಟು ಒಳ್ಳೆಯವರು ಆ ಕೇರಿಯಲ್ಲಿರಲಿಲ್ಲ. ಎಲ್ಲರ ಕಣ್ಣೆದುರಲ್ಲೇ ಅವನು ತಂತಿಗಳನ್ನೆಲ್ಲ ಮತ್ತೆ ಸೇರಿಸಬೇಕಾಯಿತು. ಸೇರಿಸಿದ ಮೇಲೆ ಚಿತ್ರ ಮೊದಲಿಗಿಂತ ಚೊಕ್ಕ ಬಂತಂತೆ. ಗುಲಾಬಿ ಸೀತುವಿನ ಕಡೆ ತಿರುಗಿ, “ಸೀತಕ್ಕ, ನಿಮ್ಮಲ್ ಏನಾರೂ ತೊಂದ್ರೆ ಆದ್ರೆ ನಮ್ಮನಿಗ್ ಬನಿ. ನಮ್ದ್ ದೊಡ್ ಟೀವಿ. ಸಾಯುದ್ ಸಮಾ ಕಾಣ್ತ್,” ಎಂದು ಉಪಚಾರ ಹೇಳಿದಳು.

ಮುಖ ತೊಳೆದುಕೊಂಡ ಚಂದ್ರ ಸ್ಕೂಟರ್ ಹತ್ತಿ ಯಡ್ತರೆಗೆ ಹೋದ. ಅಲ್ಲಿ ಅವರ ಮನೆಯ ಪೂಜೆ ಪುನಸ್ಕಾರ ಮಾಡಿಸುವ ಭಟ್ಟರಿದ್ದರು. ಭಟ್ಟರು ದರ್ಭೆ ಕಟ್ಟುತ್ತ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು.

“ಹೊಸ ಮುಕುಂದಂಗೂ ನಾಲ್ಕೇ ತಂಗಿಯರಾ?” ಎಂದು ಕೇಳಿದರು.

“ಮೂರ್ ಜನ ಭಟ್ರೆ. ಖರ್ಚ್ ಕಮ್ಮಿ ಮಾಡಿರ್ ಕಾಂತ್.”

“ಹೆಸ್ರ್ ಅದೇ, ಕಥಿ ಅದೇ. ದೇಹ ಮಾತ್ರ ಬ್ಯಾರೆ. ಹಾಂಗಾರೆ ಅದ್ ಪುನರ್ಜನ್ಮದ್ ಲೆಕ್ಕ ಆತ್ತ್.” ಭಟ್ಟರು ದರ್ಭೆ ಕೆಳಗಿಟ್ಟರು. ಅವರಿಗೆ ವಿಷಯ ಹಿಡಿಸಿದ ಹಾಗಿತ್ತು. “ನೀ ಒಳ್ಳೆ ಪ್ರಶ್ನಿ ತಂದಿದೆ ಮಾರಾಯ. ಶಾಸ್ತ್ರ ಮಾಡ್ದೋರ್ ಕಾಲದಲ್ ಚಾನೆಲ್ ಇರ್ಲಿಲ್ಲೆ.”

“ಸೂತ್ಕ ಇತ್ತಾ ಇಲ್ಯಾ, ಅಷ್ಟ್ ಹೇಳಿ ಭಟ್ರೆ.”

ಭಟ್ಟರು ಬೆರಳು ಮಡಚಿ ಲೆಕ್ಕ ಹಾಕಿದರು. “ಸೂತ್ಕ ಹುಟ್ಟುದ್ ಸಂಬಂಧದಿಂದ. ಇವ ನನ್ ಅಣ್ಣ ಅಂದೇಳಿ ಅವ್ರ್ ಮನಸ್ಸಿಗ್ ಕಂಡ್ರೆ ಇತ್ತ್. ಇವ ಅವ ಅಲ್ಲ, ಬ್ಯಾರೆ ಯಾರೋ ಅಂದೇಳಿ ಕಂಡ್ರೆ ಇಲ್ಲೆ. ದಾರಿಯಲ್ ಹೆಣ ಹ್ವಾದಾಂಗೆ. ಕೈ ಮುಗ್ದ್ ಮನಿಗ್ ಬಪ್ಪುದ್.”

ಚಂದ್ರನಿಗೆ ಕೆಟ್ಟ ಎಂಜಿನ್ನಿನ ಕಾರಣ ಸಿಕ್ಕ ಸುಖವಾಯಿತು. ಇನ್ನು ಮಾಡಬೇಕಾದದ್ದು ಒಂದೇ: ರೀಮೇಕ್ ಎಂಬುದು ಬರಿ ಟೊಳ್ಳು, ಹಳೆಯದೇ ನಿಜ ಎಂದು ತಾಯಿಗೆ ಒಪ್ಪಿಸುವುದು.

ಆ ಕೆಲಸಕ್ಕೆ ಪ್ರೇಮಾನಂದನಿಗಿಂತ ತಕ್ಕವರಿರಲಿಲ್ಲ. ಮುಖ ಊದಿಸಿಕೊಂಡವನಾದರೂ ರೀಮೇಕ್ ಎಂಬ ಮಾತು ಕಿವಿಗೆ ಬಿದ್ದರೆ ಅವನ ಬಾಯಿ ತಾನಾಗಿ ತೆರೆಯುತ್ತಿತ್ತು. “ಬಿಲ್ಕುಲ್ ನಕಲಿ ಮಾಲ್ ಭಾವ,” ಎಂದ ಅವನು. “ನಿನ್ನೆ ಸಾಂಬಾರಿಗೆ ಇವತ್ ಒಗ್ಗರಣಿ ಕೊಟ್ರೆ ಇವತ್ತಿನ್ ಸಾಂಬಾರ್ ಆತ್ತಾ?” ಕ್ಯಾಂಟೀನಿನಲ್ಲಿದ್ದಷ್ಟು ಕಾಲವೂ ಅವನು ಮಾಡಿದ್ದು ಅದನ್ನೇ ಎಂದು ಚಂದ್ರನಿಗೆ ಗೊತ್ತಿತ್ತು. ಕೆಲಸವಾಗಬೇಕಾದ್ದರಿಂದ ತಲೆಯಾಡಿಸಿದ.

“ಸೀತತ್ತೆಗ್ ಅಸಲಿ ಮಾಲ್ ತೋರ್ಸ್ವ,” ಎಂದ ಪ್ರೇಮಾನಂದ. “ಹಳಿ ‘ಅಣ್ಣನ ಅಂಗಳ’ ಯಾರೋ ಪುಣ್ಯಾತ್ಮ ಯೂಟ್ಯೂಬಲ್ ಹಾಕಿದ. ನನ್ ಮೊಬೈಲಿಂದ ನಿಮ್ ಟೀವಿಗ್ ಕೊಡುದ್, ಅಷ್ಟೇ. ಒಂದ್ಸಲ ಕಂಡ್ರೆ ಈ ಗಡ್ಡದಂವ ಎಲ್ ನಿಂತ?”

ಊಟ ಮುಗಿದದ್ದೇ ಕೇರಿ ಚಂದ್ರನ ಮನೆಯಲ್ಲಿ ನೆರೆಯಿತು. ಗುಲಾಬಿ ಹೂ ಕಟ್ಟುವ ಬುಟ್ಟಿಯನ್ನೇ ತಂದು ಕೂತಳು. ಸರಸ ಒಂದು ಕಣ್ಣು ಒಲೆಯ ಮೇಲೆ, ಒಂದು ಕಣ್ಣು ಟೀವಿಯ ಮೇಲೆ ಇಟ್ಟು ಬಾಗಿಲಲ್ಲಿ ನಿಂತಳು. ಟೀವಿಯಲ್ಲಿ ಮಳೆ ಸುರಿದಂತೆ ಗೆರೆಗಳು ಬಂದವು, ಗೆರೆಗಳ ಹಿಂದಿನಿಂದ ಹಳೆಯ ಮುಕುಂದ ಎದ್ದುಬಂದ.

“ಹೊಸತ್ರಲ್ ಸೀರಿ ಚಂದ ಇತ್ತ್,” ಎಂದಳು ಗುಲಾಬಿ. “ಇದ್ರಲ್ ಎಲ್ರೂ ಒಂದೇ ಸೀರಿ ಉಡ್ಕಂಡ್ ಇಡೀ ಕಥಿ ಮುಗ್ಸ್ತ್ರ್.”

“ಬಡೂರ್ ಗುಲಾಬಿ ಅವ್ರ್,” ಎಂದ ಪ್ರೇಮಾನಂದ. “ಹೊಸತ್ರಲ್ಲಿ ಬಡೂರ್ ಮನಿಯಲ್ಲೂ ಎ.ಸಿ. ಇತ್ತ್.”

“ಸೆಕಿಗೆ ಬಡೂರ್, ಶ್ರೀಮಂತ್ರ್ ಅಂಬ್ದ್ ಗೊತ್ತಿತ್ತಾ?”

ಸೀತು ಮಾತ್ರ ಗೋಡೆಗೊರಗಿ, ತೊಡೆಯ ಮೇಲೆ ಕೈಯಿಟ್ಟು ಕೇಳುತ್ತಿದ್ದಳು. ಎಷ್ಟೋ ಸಲ ಕಣ್ಣು ಮುಚ್ಚಿಯೇ ಇರುತ್ತಿತ್ತು. ಮುಕುಂದ ತಂಗಿಯರಿಗೆ ಗಂಜಿ ಬಡಿಸಿ, ಉಳಿದ ತಿಳಿಯನ್ನು ತಾನು ಕುಡಿದು, ಹೊಟ್ಟೆ ತುಂಬಿದವನ ಹಾಗೆ ಒಂದು ಪದ ಗುನುಗುವ ಜಾಗ ಬಂತು. ಅವನು ಗುನುಗುವ ಮೊದಲೇ ಸೀತುವಿನ ತುಟಿ ಅಲುಗಿತು. ಇಷ್ಟು ವರ್ಷ ಅದು ಅವಳೊಳಗೆ ಹಾಗೇ ಇತ್ತು. ಅಮ್ಮನಿಗೆ ಬುದ್ಧಿ ಹೇಳಲು ಕೂತಿದ್ದ ಚಂದ್ರನೇ ಟೀವಿಯ ಕಡೆ ಇನ್ನಷ್ಟು ಸರಿದು ಕೂತ. ಮಾವ ಒಳ್ಳೆಯವನೇ, ಅಂದು ತಲೆ ಕೊಟ್ಟದ್ದು ದಂಡವಲ್ಲ ಎಂದು ಅವನಿಗೆ ಮೊದಲ ಬಾರಿಗೆ ಅನ್ನಿಸಿತು.

ಒಂದು ಕಂತು ಮುಗಿಯುತ್ತಿತ್ತು, ಇನ್ನೊಂದು ಬರುತ್ತಿತ್ತು. ಆಗಿನ ಧಾರಾವಾಹಿಗಳು ಈಗಿನವುಗಳ ಹಾಗೆ ವರ್ಷಗಟ್ಟಲೆ ಎಳೆಯುತ್ತಿರಲಿಲ್ಲ. ಮಳೆಗಾಲದ ಹೂವಿನಂತೆ ಬೇಗ ಅರಳಿ ಬೇಗ ಮುಗಿಯುತ್ತಿದ್ದವು. ಬಿಸಿಲು ಜಗಲಿಯಿಂದ ಅಂಗಳಕ್ಕಿಳಿಯುವಾಗ ಚಂದ್ರ ತಾಯಿಯ ಕಡೆ ತಿರುಗಿದ.

“ಕಂಡ್ಯಾ ಅಮ್ಮ? ಇಂವ ಅಣ್ಣ ಅಂದ್ರೆ. ಆ ಗಡ್ಡದಂವ ಇವ್ನ್ ಹೆಸ್ರ್ ಇಟ್ಕಂಡ್ ತಿರ್ಗುದ್, ಅಷ್ಟೇ. ಅವಂಗೂ ನಮ್ಗೂ ಎಂತ ಸಂಬಂಧ?”

ಸೀತು ಟೀವಿಯ ಮುಕುಂದನನ್ನು ಇನ್ನೊಮ್ಮೆ ನೋಡಿದಳು.

“ಹೌದ್ ಮಗಾ,” ಎಂದಳು. “ನಂಗೇ ತಪ್ಪಿತ್. ಗಂಜಿ ಬಡ್ಸುದ್ ಹ್ಯಾಂಗಂದೇ ಆ ಗಡ್ಡದವಂಗ್ ಗೊತ್ತಿಲ್ಲೆ. ಅಂವ ನನ್ ಅಣ್ಣ ಅಲ್ಲ. ಇಂವನೇ ಖರೆ.”

“ಹಾಂಗಾರೆ ಸಂಜಿಗ್ ಅಂವ ಸತ್ರೆ?”

“ಸಾಯ್ಲಿ. ದೇವ್ರ್ ಅವಂಗ್ ಒಳ್ಳೇದ್ ಮಾಡ್ಲಿ. ನಾ ಕಾಂಬುದೂ ಇಲ್ಲೆ.”

ದಿವ್ಯಾ ಓಡಿಬಂದು ಅಜ್ಜಿಯ ಕೊರಳಿಗೆ ಜೋತುಬಿದ್ದಳು. ಚಂದ್ರ ಅಂಗಳಕ್ಕಿಳಿದು ಕನ್ನಡಿ ನೋಡಿಕೊಂಡು, ಉಳಿದ ಬಣ್ಣದಲ್ಲಿ ತಲೆಯನ್ನು ಇನ್ನೊಮ್ಮೆ ಸರಿಮಾಡಿಕೊಂಡ. ಎಲೆ, ಅಡಿಕೆ, ಹೂವು ತರಲು ಬೈಂದೂರಿಗೆ ಹೊರಟಾಗ ಒಳಗೆ ಟೀವಿಯಲ್ಲಿ ಹಳೆಯ ಮುಕುಂದ ಕೊನೆಯ ತಂಗಿಯ ಮದುವೆಗೆ ಚಪ್ಪರ ಹಾಕುತ್ತಿದ್ದ. “ಕಾಣ್ಲಿ ಬಿಡಿ,” ಎಂದ ಚಂದ್ರ. “ಎಷ್ಟ್ ವರ್ಷದ್ ಮೇಲ್ ಅಣ್ಣ ಸಿಕ್ಕಿದ.”

ಎಲೆಯಂಗಡಿಯ ಮೂಲೆಯಲ್ಲೊಂದು ಚಿಕ್ಕ ಟೀವಿಯಿತ್ತು. ಅಂಗಡಿಯವ ಎಲೆ ಜೋಡಿಸುವ ಕೈಯನ್ನು ನಿಲ್ಲಿಸಿ ಅದನ್ನೇ ನೋಡುತ್ತಿದ್ದ. ಹೊಸ ಮುಕುಂದನ ಹಾಸಿಗೆಯ ಸುತ್ತ ಮೂವರು ತಂಗಿಯರು ಅಳುತ್ತಿದ್ದರು. ಚಂದ್ರ ಧೈರ್ಯದಿಂದ ನೋಡಿದ, ದಾರಿಯಲ್ಲಿ ಹೆಣ ಹೋಗುವುದನ್ನು ನೋಡುವವನ ಹಾಗೆ. ಡಾಕ್ಟರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಮುಕುಂದನ ಬೆರಳು ಅಲುಗಿತು. ಕಣ್ಣು ತೆರೆಯಿತು. ಅವನು ಎದ್ದು ಕೂತು, ತಂಗಿಯ ಮದುವೆ ಗೊತ್ತುಮಾಡಲು ವೀಳ್ಯದ ಹರಿವಾಣ ತರಹೇಳಿದ.

“ಥೋ,” ಎಂದ ಅಂಗಡಿಯವ. “ಹಳೀದ್ರಲ್ ಸಾಯ್ತ. ಇದ್ರಲ್ ಬದ್ಕ್ಸಿರ್. ಕಥಿ ಹಾಳ್ ಮಾಡಿರ್.”

“ಬದ್ಕ್ಲಿ ಮಾರಾಯ್ರೆ, ನಮ್ಗೆಂತ,” ಎಂದು ನಕ್ಕ ಚಂದ್ರ. ಇಷ್ಟಕ್ಕೆ ಬೆಳಗಿನಿಂದ ಮಾಡು ಹತ್ತಿ ಇಳಿದೆನಲ್ಲ ಎಂದು ಒಂದಿಷ್ಟು ನಾಚಿಕೆಯಾಯಿತು. ಆದರೂ ಎರಡೂ ಕಡೆಯಿಂದ ಗೆದ್ದವನ ಉಮೇದಿನಲ್ಲಿ ಸ್ಕೂಟರ್ ಏರಿದ.

ಮನೆಯ ತಿರುವಿನಲ್ಲೇ ಬಾವಿಯ ರಾಟೆಯ ಸದ್ದು ಕೇಳಿಸಿತು. ದೀಪ ಹಚ್ಚುವ ಹೊತ್ತು ಮೀರಿದರೂ ದೀಪವಿರಲಿಲ್ಲ. ಮೆಟ್ಟಿಲ ಮೇಲೆ ಹೆಂಗಸರು ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಕೂತಿದ್ದರು. ಗುಲಾಬಿಯ ಹೂಬುಟ್ಟಿ ಅಂಗಳದಲ್ಲಿ ಮಗುಚಿ ಬಿದ್ದಿತ್ತು. ಬಾವಿಕಟ್ಟೆಯಲ್ಲಿ ಸೀತು ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದಳು.

ಪ್ರೇಮಾನಂದ ಮೊಬೈಲನ್ನು ಸತ್ತ ಇಲಿಯ ಹಾಗೆ ದೂರಕ್ಕೆ ಹಿಡಿದು ನಿಂತಿದ್ದ. “ನಾ ಎಂತದೂ ಮುಟ್ಲಿಲ್ಲ ಭಾವ. ಒಂದ್ ಮುಗ್ದ್ ಕೂಡ್ಲೆ ಇನ್ನೊಂದ್ ತನ್ನಷ್ಟಕ್ಕೇ ಬತ್ತ್. ನಾ ಪಂಚಿಗ್ ಇಸ್ತ್ರಿ ಹಾಕುಕ್ ಹೋಯಿದ್ದೆ. ತಿರ್ಗಿ ಬಪ್ಪು ಹೊತ್ತಿಗೆ ಕೊನಿ ಕಂತ್.”

ಚಂದ್ರ ಬಾವಿಕಟ್ಟೆಗೆ ಓಡಿದ. “ಅಮ್ಮ, ಅದ್ ಹಳೀ ಸಾವ್. ಅದ್ಕ್ ಸೂತ್ಕ ಹಿಡ್ದ್, ಬೊಜ್ಜ ಮಾಡಿ ಎಲ್ಲ ಆಯಿತ್ತಲ್ದಾ?”

“ಹೊಸ ಅಣ್ಣ ಸತ್ತಿದ್ರೆ ನಾ ತಿರ್ಗಿ ಕಾಂತಿರ್ಲಿಲ್ಲ ಮಗಾ,” ಎಂದಳು ಸೀತು, ಒದ್ದೆ ಸೆರಗು ಹಿಂಡುತ್ತ. “ನೀನೇ ಹೇಳ್ದೆ, ಇಂವನೇ ಖರೆ ಅಂದೇಳಿ. ಖರೆ ಅಣ್ಣ ಕಣ್ಣೆದ್ರೇ ಹ್ವಾದ. ಈಗ ಇಲ್ಲೆ ಅಂದ್ರೆ ಹ್ಯಾಂಗೆ?”

ಚಂದ್ರ ಭಟ್ಟರಿಗೆ ಫೋನು ಮಾಡಿದ. ಭಟ್ಟರು ಎಲ್ಲ ಕೇಳಿಕೊಂಡು, “ಸಂಬಂಧ ಅವ್ರ್ ಮನಸ್ಸಿಗ್ ಕಂಡಿತಾ?” ಎಂದರು. ಕಂಡಿದೆ ಎಂದ. “ಯಾರ್ ಕಾಣ್ಸಿದ್ದ್?” ಎಂದರು. ಚಂದ್ರ ಫೋನು ಇಟ್ಟ.

ಸುದ್ದಿ ಕೇಳಿ ಆಗಲೇ ಬಂದಿದ್ದ ಗುಡ್ಡ ಜಗಲಿಯಲ್ಲಿ ಚೀಲ ಬಿಚ್ಚಿ ಕೂತಿದ್ದ. ಚಂದ್ರನ ತಲೆಯನ್ನು ಬೆಳಕಿಗೆ ತಿರುಗಿಸಿ ಮೆಚ್ಚುಗೆಯಿಂದ ನೋಡಿದ. “ಬಣ್ಣ ಚಂದ ಕೂತಿತ್ ಮಾರಾಯ. ಕೈ ಬತ್ತಿಲ್ಲೆ ತೆಗೂಕೆ,” ಎಂದು ಕತ್ತಿಯನ್ನು ಅಂಗೈಯಲ್ಲಿ ಸವರಿದ. “ಹಳೀದಷ್ಟ್ ಲಾಯ್ಕ್ ಬರುದಿಲ್ಲೆ ಅಂಬ್ರ್ ಈ ರೀಮೇಕೆಲ್ಲ. ಕಾಂಬ. ತಲಿ ಅದೇ ಅಲ್ದಾ?”

ಮರುದಿನ ಬೈಂದೂರಿನ ಕಲ್ಯಾಣಮಂಟಪದ ಹೊರಗೆ, ಚಪ್ಪಲಿಗಳ ರಾಶಿಯ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಒಂದರಲ್ಲಿ ಸೀತು, ಇನ್ನೊಂದರಲ್ಲಿ ಚಂದ್ರ. ಹೊರಗೆ ಕೂತೇ ಹರಸುತ್ತೇನೆಂದು ಅಜ್ಜಿ ಆಣೆ ಮಾಡಿದ ಮೇಲಷ್ಟೇ ದಿವ್ಯಾ ಒಳಗೆ ಹೋಗಿದ್ದಳು. ಕಿಟಕಿಯಲ್ಲಿ ಅವಳ ಮುಖದ ಒಂದು ಪಾಲು ಕಾಣುತ್ತಿತ್ತು. ಪೂರ್ತಿಯಾಗಿ ಕಾಣುತ್ತಿದ್ದುದು ಪ್ರೇಮಾನಂದನ ರೇಷ್ಮೆ ಪಂಚೆ. ಚಂದ್ರನ ಕೈ ಅಭ್ಯಾಸಬಲದಿಂದ ಕೂದಲು ಸರಿಮಾಡಲು ಮೇಲೆ ಹೋಗಿ, ಸರಿಮಾಡಲು ಏನೂ ಸಿಗದೆ ಜಾರಿ ಕೆಳಗೆ ಬಂತು.

ಗಂಡಿನ ಅಜ್ಜಿ, ಬ್ರಹ್ಮಾವರದವರು, ಕೋಲೂರಿಕೊಂಡು ಹೊರಗೆ ಬಂದು ದೂರದಲ್ಲೇ ನಿಂತರು. “ಯಾರ್ ಹ್ವಾದ್ದ್ ಸೀತಕ್ಕ?”

“ನನ್ ಅಣ್ಣ. ಮುಕುಂದ.”

“ಟೀವಿ ಮುಕುಂದನಾ?” ಅಜ್ಜಿ ಗಾಬರಿಯಾದರು. “ಅಂವ ನಿನ್ನೆ ಎದ್ ಕೂಕಂಡ್ನಲ್ಲ. ಆ ಖುಷಿಗ್ ನಾನ್ ಮನಿಯಲ್ ಪಾಯ್ಸ ಮಾಡ್ಸಿದೆ.”

ಸೀತು ಮೆಲ್ಲಗೆ ಮಗನ ಕಡೆ ತಿರುಗಿದಳು. ಅವನ ಬೋಳುತಲೆ ಬಿಸಿಲಿಗೆ ಹೊಳೆಯುತ್ತಿತ್ತು. “ಕೇಣ್ದ್ಯಾ ಚಂದ್ರಾ? ಈ ಹೊಸಬ್ರ್ ಎಷ್ಟ್ ಒಳ್ಳೇರ್. ಹಳೀಯೋರಿಗ್ ಉಳ್ಸುಕೆ ಆಯ್ಲಿಲ್ಲ, ಇವ್ರ್ ಉಳ್ಸಿರ್. ನೀ ಸುಮ್ನೆ ಬೈದೆ. ನಂಗ್ ಅದ್ನೇ ಕಾಂಬುಕ್ ಬಿಟ್ಟಿದ್ರೆ...” ಒಳಗೆ ಪ್ರೇಮಾನಂದ ಹರಿವಾಣ ಎತ್ತಿದ.

“ದಿವ್ಯನ ಮದಿ ಹೊತ್ತಿಗ್ ಇನ್ನೊಂದ್ ಹಳಿ ಧಾರಾವಾಹಿ ತಿರ್ಗ ಬತ್ತ್ ಅಂಬ್ರ್,” ಎಂದರು ಬ್ರಹ್ಮಾವರದ ಅಜ್ಜಿ, ಸಮಾಧಾನ ಹೇಳುವವರ ಹಾಗೆ.

ಸೀತು ಕಣ್ಣೊರೆಸಿಕೊಂಡಳು. “ಹೌದಾ? ಅದ್ರಲ್ ಅಣ್ಣ ಇದ್ನಾ?”

“ಇಬ್ರ್ ಇದ್ರ್.”

ಊಟದ ಕಡೆ ಹೊರಟಿದ್ದ ಗುಡ್ಡ ಆ ಮಾತಿಗೆ ಅಲ್ಲೇ ನಿಂತು, ಚಂದ್ರನ ತಲೆಯನ್ನು ಒಮ್ಮೆ ಪ್ರೀತಿಯಿಂದ ನೋಡಿದ.